ಬಿಡಾರದ ಪ್ರವಾಸಕ್ಕೆ ಹೊಸ ಫೋರ್ ಬೈ ಫೋರ್ ಪಿಕಪ್: ಏನು ಹಾಕಿಸಬೇಕು, ಏನು ಬಿಡಬೇಕು

ಹೊಸ ಪಿಕಪ್ ಕೈಗೆ ಬಂದ ವಾರದೊಳಗೆ ಪಟ್ಟಿ ಬೆಳೆಯತೊಡಗುತ್ತದೆ: ಉಕ್ಕಿನ ಬಂಪರ್, ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್, ಛಾವಣಿಯ ಮೇಲಿನ ಟೆಂಟ್, ದಪ್ಪ ಟಯರ್, ಎರಡನೆಯ ಬ್ಯಾಟರಿ, ಫ್ರಿಜ್. ಇವುಗಳಲ್ಲಿ ಯಾವುದೂ ಕೆಟ್ಟ ವಸ್ತುವಲ್ಲ. ತೊಂದರೆ ಇರುವುದು ಒಟ್ಟು ಮೊತ್ತದಲ್ಲಿ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಆರಿಸಿದವರು ಕೊನೆಗೆ ತನ್ನ ಭಾರವನ್ನು ತಾನೇ ಹೊರಲಾರದ ಗಾಡಿಯನ್ನು ಕಟ್ಟಿಕೊಂಡಿರುತ್ತಾರೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಅದರ ತೂಕ ಎಷ್ಟು, ಆ ತೂಕ ಗಾಡಿಯ ಯಾವ ಜಾಗದಲ್ಲಿ ಕೂರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಹೋಲಿಸಿದ್ದೇನೆ. ಅಂದಚಂದದ ಮಾತಿಗೆ ಇಲ್ಲಿ ಜಾಗವಿಲ್ಲ.

ಮೊದಲು ತೂಕದ ಲೆಕ್ಕ

ಪ್ರತಿ ವಾಹನಕ್ಕೂ ತಯಾರಕರು ಗರಿಷ್ಠ ಒಟ್ಟು ತೂಕವೊಂದನ್ನು ನಿಗದಿ ಮಾಡಿರುತ್ತಾರೆ. ಅದರಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ನಮ್ಮ ಬಂಡವಾಳ. ಖಾಲಿ ತೂಕದ ಅರ್ಥ ಎಲ್ಲ ಕಡೆ ಒಂದೇ ಅಲ್ಲವೆಂಬುದನ್ನೂ ಗಮನಿಸಬೇಕು. ಕೆಲವರು ಅದರಲ್ಲಿ ಚಾಲಕನ 75 ಕಿಲೋವನ್ನು ಸೇರಿಸಿಯೇ ಹೇಳುತ್ತಾರೆ, ಕೆಲವರು ಸೇರಿಸುವುದಿಲ್ಲ.

ಖಾಲಿ ತೂಕ 2,100 ಕಿಲೋ, ಗರಿಷ್ಠ ತೂಕ 3,050 ಕಿಲೋ ಇರುವ ನಾಲ್ಕು ಬಾಗಿಲಿನ ಪಿಕಪ್ ಒಂದನ್ನು ಇಟ್ಟುಕೊಳ್ಳೋಣ. ಕೈಯಲ್ಲಿರುವುದು 950 ಕಿಲೋ. ಇಬ್ಬರು ಹತ್ತಿ ಕುಳಿತರೆ 800 ಉಳಿಯಿತು. ಉಕ್ಕಿನ ಮುಂಬಂಪರ್‌ಗೆ 60, ವಿಂಚಿಗೆ 35 ಹೋದರೆ 705. ಹಿಂದಿನ ತೊಟ್ಟಿಯನ್ನು ಮುಚ್ಚುವ ಕ್ಯಾನಪಿಗೆ 80, ಒಳಗಿನ ಡ್ರಾಯರುಗಳಿಗೆ 70 ಕಳೆದು 555. ತುಂಬಿದ ಫ್ರಿಜ್ 40, ಎರಡನೆಯ ಬ್ಯಾಟರಿ 30, ಅರವತ್ತು ಲೀಟರ್ ನೀರು ಮತ್ತು ಅದರ ಟ್ಯಾಂಕ್ ಸೇರಿ 65, ಈಗ 420. ಛಾವಣಿಯ ರ‍್ಯಾಕ್ ಮತ್ತು ಟೆಂಟ್ ಸೇರಿ 95, ಪಕ್ಕದ ನೆರಳುಹಾಸು 15, ಈಗ 310. ಎರಡನೆಯ ಸ್ಟೆಪ್ನಿ 35, ಹಗ್ಗ, ಸಲಿಕೆ, ಉಪಕರಣಗಳು 50, ಇಪ್ಪತ್ತು ಲೀಟರಿನ ಎರಡು ಡೀಸೆಲ್ ಕ್ಯಾನುಗಳು 42; ಈಗ 183. ಬಟ್ಟೆ, ಹಾಸಿಗೆ, ಕುರ್ಚಿ, ಅಡುಗೆಯ ಸಾಮಾನಿಗೆ 80 ಬಿಟ್ಟರೆ ಉಳಿಯುವುದು 103 ಕಿಲೋ. ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ದೊಡ್ಡವರು ಕುಳಿತರೆ ಮಿತಿ ದಾಟಿತು. ಈ ಲೆಕ್ಕದಲ್ಲಿ ಅತಿರೇಕದ್ದು ಎನ್ನುವಂಥದ್ದು ಒಂದೂ ಇಲ್ಲ ಎಂಬುದನ್ನು ನೋಡಿ. ಗಾಡಿಯ ತಳಕ್ಕೆ ಹಾಕಿಸುವ ರಕ್ಷಣಾ ತಗಡುಗಳನ್ನು ನಾನು ಸೇರಿಸಿಯೇ ಇಲ್ಲ.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ತನ್ನ ಮಿತಿಯನ್ನು ದಾಟಿರಬಹುದು. ಎರಡು ಆಕ್ಸಲ್‌ಗಳ ನಡುವಿನ ಅಂತರ 3.1 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ, ಅಂದರೆ ಹಿಂಬಂಪರಿನ ಮೇಲೆ, 100 ಕಿಲೋ ತೂಗುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 139 ಕಿಲೋ. ಹೆಚ್ಚಿನ 39 ಕಿಲೋ ಬರುವುದು ಮುಂದಿನ ಚಕ್ರಗಳಿಂದ. ತಕ್ಕಡಿಯ ಒಂದು ತಟ್ಟೆ ಇಳಿದಾಗ ಇನ್ನೊಂದು ಏಳುವಂತೆ ಮುಂಭಾಗ ಹಗುರವಾಗುತ್ತದೆ, ಸ್ಟಿಯರಿಂಗ್ ತೇಲಿದಂತಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎರಡನೆಯ ಸ್ಟೆಪ್ನಿಯನ್ನೂ ಡೀಸೆಲ್ ಕ್ಯಾನುಗಳನ್ನೂ ಹಿಂಬಂಪರಿಗೆ ನೇತುಹಾಕುವ ಪದ್ಧತಿ ನನಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ. ಭಾರವಾದ ವಸ್ತು ಕ್ಯಾಬಿನ್ ಗೋಡೆಗೆ ಒತ್ತಿಕೊಂಡು, ನೆಲಕ್ಕೆ ಹತ್ತಿರವಾಗಿ, ಆಕ್ಸಲ್‌ಗಿಂತ ಮುಂದೆ ಇರಬೇಕು.

ಮಲಗುವುದು ಎಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿ

ಉಳಿದೆಲ್ಲ ಆಯ್ಕೆಗಳು ಈ ಒಂದರ ಹಿಂದೆ ಬರುತ್ತವೆ. ಛಾವಣಿಯ ಮೇಲೆ ಮಲಗುವುದಾದರೆ ರ‍್ಯಾಕ್ ಬೇಕು, ತೊಟ್ಟಿ ಸಾಮಾನಿಗೆ ಬಿಡುವಾಗುತ್ತದೆ. ತೊಟ್ಟಿಯಲ್ಲಿ ಮಲಗುವುದಾದರೆ ಡ್ರಾಯರಿನ ಎತ್ತರ ಬದಲಾಗುತ್ತದೆ. ನೆಲದ ಮೇಲೆ ಮಲಗುವುದಾದರೆ ಇವೆರಡೂ ಬೇಡ.

ಛಾವಣಿಯ ಟೆಂಟಿನ ಗುಣಗಳು ನಿಜವಾದವು. ನೆಲ ಒದ್ದೆಯಿದ್ದರೂ ಕಲ್ಲುಮಯವಾಗಿದ್ದರೂ ಚಿಂತೆಯಿಲ್ಲ, ಹಾಸಿಗೆ ಒಳಗೇ ಮಡಚಿಕೊಂಡಿರುತ್ತದೆ, ಗಟ್ಟಿ ಚಿಪ್ಪಿನ ಮಾದರಿಯಾದರೆ ಎರಡು ಮೂರು ನಿಮಿಷಗಳಲ್ಲಿ ಬಿಡಾರ ಸಿದ್ಧ. ಆದರೆ 50ರಿಂದ 80 ಕಿಲೋ ತೂಕ ಗಾಡಿಯ ಅತಿ ಎತ್ತರದ ಜಾಗದಲ್ಲಿ ಕೂರುತ್ತದೆ. ಛಾವಣಿ ಹೊರಬಹುದಾದ ತೂಕಕ್ಕೆ ಎರಡು ಅಂಕಿಗಳಿರುತ್ತವೆ: ಗಾಡಿ ಚಲಿಸುವಾಗಿನದು ಮತ್ತು ನಿಂತಿರುವಾಗಿನದು. ನಿಂತಿರುವಾಗ ಇಬ್ಬರು ಮಲಗುವಷ್ಟು ಭಾರವನ್ನು ತಡೆಯುವ ಛಾವಣಿಯೇ, ಓಡುವಾಗ 100 ಕಿಲೋಗಿಂತ ಕಡಿಮೆಗೆ ಮಿತಿಗೊಂಡಿರುವುದು ಸಾಮಾನ್ಯ, ಮತ್ತು ಕಚ್ಚಾ ದಾರಿಗೆ ಹಲವು ರ‍್ಯಾಕ್ ತಯಾರಕರು ಆ ಅಂಕಿಯನ್ನು ಇನ್ನೂ ತಗ್ಗಿಸುತ್ತಾರೆ. ಆ ಮಿತಿಯಲ್ಲಿ ರ‍್ಯಾಕ್‌ನ ತೂಕವೂ ಸೇರಿದೆ ಎಂಬುದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ಅನನುಕೂಲ ಕೊಂಡ ಮೇಲೆ ಗೊತ್ತಾಗುವಂಥದ್ದು. ಒಂದೇ ಜಾಗದಲ್ಲಿ ಮೂರು ದಿನ ಬಿಡಾರ ಹೂಡಿದಾಗ ನೀರು ತರಲು ಹೋಗಬೇಕಾದರೂ ಮನೆಯನ್ನೇ ಮಡಚಿ ಹೊರಡಬೇಕು. ನಾನೊಮ್ಮೆ ರಾತ್ರಿಯಿಡೀ ಸುರಿದ ಮಳೆಯ ಮರುದಿನ ಬೆಳಗ್ಗೆ, ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ನೀರು ಕುಡಿದು ಹಲಗೆಯಂತಾದ ಬಟ್ಟೆಯನ್ನು ಮೊಣಕೈಯಿಂದ ಒತ್ತಿ ಒತ್ತಿ ಮಡಚಿದೆ. ಮೊಣಕೈಯಿಂದ ಇಳಿದ ನೀರು ಅಂಗಿಯೊಳಗೆ ಹೋಗಿ ಸೊಂಟದವರೆಗೆ ನೆನೆಯಿತು. ಮೂರು ದಿನ ಬಿಟ್ಟು ಬಿಚ್ಚಿದಾಗ ಹೊಲಿಗೆಯುದ್ದಕ್ಕೂ ಕಪ್ಪು ಬೂಷ್ಟಿನ ಚುಕ್ಕೆಗಳಿದ್ದವು. ನೆಲದ ಟೆಂಟನ್ನಾದರೆ ಹಾಗೆಯೇ ಮುದ್ದೆ ಮಾಡಿ ಚೀಲಕ್ಕೆ ತುಂಬಿ, ಮಧ್ಯಾಹ್ನ ಬಿಸಿಲು ಕಂಡಲ್ಲಿ ಹರವಬಹುದಿತ್ತು.

ನೆಲದ ಟೆಂಟ್ 5ರಿಂದ 15 ಕಿಲೋ. ಗಾಡಿ ಹೋದರೂ ಅದು ನಿಂತಿರುತ್ತದೆ. ಜಾಗ ಆರಿಸಿ, ಕಲ್ಲು ತೆಗೆದು, ಗೂಟ ಹೊಡೆಯುವ ಶ್ರಮವಿದೆ. ದಿನವೂ ಊರು ಬದಲಿಸುವವರಿಗೆ ಅದು ಬೇಸರ ತರಿಸುತ್ತದೆ. ತೊಟ್ಟಿಯೊಳಗೆ ಮಲಗುವುದು ಮೂರನೆಯ ದಾರಿ. ಇದರಲ್ಲಿ ಹೆಚ್ಚುವರಿ ತೂಕವೆಂದರೆ ಹಾಸಿಗೆಯದಷ್ಟೇ, ಗಾಳಿಮಳೆಗೆ ಹೆದರಬೇಕಿಲ್ಲ. ಆದರೆ ನಾಲ್ಕು ಬಾಗಿಲಿನ ಪಿಕಪ್‌ಗಳ ತೊಟ್ಟಿಯ ಉದ್ದ ಸುಮಾರು ಒಂದೂವರೆ ಮೀಟರ್ ಮಾತ್ರ. ಹಿಂಬಾಗಿಲನ್ನು ಕೆಳಗಿಳಿಸಿ ಅದರ ಮೇಲೆ ಬಟ್ಟೆಯ ಮರೆ ಕಟ್ಟದ ಹೊರತು ಕಾಲು ಚಾಚಲಾಗದು. ಒಬ್ಬರೇ ಅಥವಾ ಇಬ್ಬರೇ ಹೋಗುವವರು ಇನ್ನೂ ಗಾಡಿ ಕೊಂಡಿಲ್ಲವಾದರೆ, ಉದ್ದ ತೊಟ್ಟಿಯ ಎರಡು ಬಾಗಿಲಿನ ಅಥವಾ ಒಂದೂವರೆ ಕ್ಯಾಬಿನ್ ಮಾದರಿಯನ್ನು ಒಮ್ಮೆ ನೋಡಬೇಕು; ಹೊರೆಯ ಮಿತಿಯೂ ಅವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು.

ನನ್ನ ಸಲಹೆ ಇಷ್ಟು: ಮೊದಲ ವರ್ಷ ನೆಲದ ಟೆಂಟಿನಲ್ಲಿ ಕಳೆಯಿರಿ. ಒಂದು ಜಾಗದಲ್ಲಿ ಸರಾಸರಿ ಎಷ್ಟು ರಾತ್ರಿ ಉಳಿಯುತ್ತೀರಿ ಎಂಬುದು ಅಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಅದು ಒಂದೇ ರಾತ್ರಿಯಾದರೆ ಛಾವಣಿಯ ಟೆಂಟಿಗೆ ಅರ್ಥವಿದೆ, ಮೂರಾದರೆ ಇಲ್ಲ.

ತೊಟ್ಟಿಗೆ ಮುಚ್ಚಳವೋ, ಹೊಸದಾಗಿ ಕಟ್ಟಿಸಿದ ಪೆಟ್ಟಿಗೆಯೋ

ತಯಾರಕರು ಕೊಟ್ಟ ತೊಟ್ಟಿಯನ್ನು ಉಳಿಸಿಕೊಂಡು ಮೇಲೆ ಕ್ಯಾನಪಿ ಕೂರಿಸುವುದು ಸರಳ, ಬೇಡವಾದಾಗ ತೆಗೆಯಬಹುದು. ತೊಟ್ಟಿಯನ್ನೇ ಬಿಚ್ಚಿ, ಸಮತಟ್ಟು ಹಲಗೆಯ ಮೇಲೆ ಅಲ್ಯೂಮಿನಿಯಂ ಪೆಟ್ಟಿಗೆಯ ಬಾಡಿ ಕಟ್ಟಿಸಿದರೆ ಎರಡೂ ಪಕ್ಕಗಳಿಂದ ಸಾಮಾನು ಕೈಗೆಟಕುತ್ತದೆ, ಚಕ್ರದ ಉಬ್ಬುಗಳು ಜಾಗ ನುಂಗುವುದಿಲ್ಲ. ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ಅದನ್ನು ತುಂಬುವ ಆಸೆಯೂ ದೊಡ್ಡದಾಗುತ್ತದೆ.

ಎರಡರಲ್ಲೂ ನಿಜವಾದ ಶತ್ರು ದೂಳು. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ದೂಳು ಹಿಂಬಾಗಿಲಿನ ಸಂದಿಗಳಿಂದ ಒಳಕ್ಕೆ ಎಳೆಯಲ್ಪಡುತ್ತದೆ. ಕಾರ್ಖಾನೆಯ ಹಿಂಬಾಗಿಲಿನ ಕೆಳಗೂ ಕೀಲುಗಳ ಬಳಿಯೂ ಬೆರಳು ತೂರುವಷ್ಟು ಸಂದಿ ಇರುವುದುಂಟು. ರಾತ್ರಿ ತೊಟ್ಟಿಯೊಳಗೆ ಟಾರ್ಚ್ ಹೊತ್ತಿಸಿಟ್ಟು ಹೊರಗಿನಿಂದ ನೋಡಿದರೆ ಎಲ್ಲೆಲ್ಲಿ ರಬ್ಬರ್ ಪಟ್ಟಿ ಅಂಟಿಸಬೇಕೆಂಬುದು ಬೆಳಕಿನ ಗೆರೆಗಳಾಗಿ ಕಾಣುತ್ತದೆ. ಅಷ್ಟು ಮಾಡಿದ ಮೇಲೂ ದೂಳು ಬಂದರೆ, ಕ್ಯಾನಪಿಯ ಮೇಲ್ಭಾಗದಲ್ಲಿ ಮುಂದಕ್ಕೆ ಮುಖ ಮಾಡಿದ ಸೋಸುಗಾಳಿಯ ಕಿಂಡಿಯೊಂದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತುಸು ಹೆಚ್ಚಿಸಿ ದೂಳನ್ನು ತಡೆಯುತ್ತದೆ.

ಸ್ಪ್ರಿಂಗ್

ಬಹುತೇಕ ಪಿಕಪ್‌ಗಳ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಕಮಾನು ಪಟ್ಟಿ ಇರುತ್ತದೆ. ಟೊಯೋಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ಈ ಗುಂಪಿನವು. ನಿಸ್ಸಾನ್ ನವಾರದ 2014ರ ಪೀಳಿಗೆಯಲ್ಲಿ ಹಲವು ದೇಶಗಳಿಗೆ ಕಾಯಿಲ್ ಸ್ಪ್ರಿಂಗ್, ಅಂದರೆ ಸುರುಳಿ ಸ್ಪ್ರಿಂಗ್ ಬಂದಿತು. ಖಾಲಿ ಓಡುವಾಗ ಕಾಯಿಲ್ ಮೆತ್ತಗೆ. ಹೊರೆ ಏರಿದಾಗ ಕಮಾನು ಪಟ್ಟಿ ನಿರಾಳ, ಮತ್ತು ಪಟ್ಟಿ ಸೇರಿಸಿ ಅದನ್ನು ಬಿಗಿಗೊಳಿಸುವುದೂ ಸುಲಭ.

ಇಲ್ಲಿ ಹೆಚ್ಚು ಜನ ತಪ್ಪುವುದು ಕ್ರಮದಲ್ಲಿ. ಹೊಸ ಸ್ಪ್ರಿಂಗ್‌ಗಳನ್ನು ಹೊರೆಯ ಅಂದಾಜಿನ ಮೇಲೆ ತಯಾರಿಸುತ್ತಾರೆ: ಸದಾ 150 ಕಿಲೋ, ಸದಾ 300 ಕಿಲೋ, ಸದಾ 500 ಕಿಲೋ ಎಂಬಂತೆ. ಗಾಡಿ ಇನ್ನೂ ಖಾಲಿ ಇರುವಾಗಲೇ ಅತಿ ಬಿಗಿಯದನ್ನು ಹಾಕಿಸಿದರೆ ಪ್ರತಿ ಹೊಂಡದಲ್ಲೂ ಬೆನ್ನು ನೋಯುತ್ತದೆ, ಚಕ್ರ ನೆಲ ಬಿಟ್ಟು ಹಾರುತ್ತದೆ. ಆದ್ದರಿಂದ ಸ್ಪ್ರಿಂಗ್ ಕೊನೆಯಲ್ಲಿ ಬರಬೇಕು; ಪೂರ್ಣ ಹೇರಿಕೆಯೊಂದಿಗೆ ವೇಬ್ರಿಡ್ಜ್ ಮೇಲೆ ಮುಂದಿನ ಚಕ್ರಗಳು, ಹಿಂದಿನ ಚಕ್ರಗಳು, ಒಟ್ಟು ಎಂದು ಮೂರು ಬಾರಿ ತೂಗಿ, ಆ ಚೀಟಿಯನ್ನು ಹಿಡಿದುಕೊಂಡು ಕೊಳ್ಳಲು ಹೋಗಬೇಕು. ಬಿಗಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿಯ ಕಾನೂನುಬದ್ಧ ಮಿತಿ ಏರುವುದಿಲ್ಲ ಎಂಬುದೂ ನೆನಪಿರಲಿ. ಆಕ್ಸಲ್, ಬ್ರೇಕ್, ಚಾಸಿ ಹಳೆಯವೇ.

ಹಿಂಭಾಗ ಕುಸಿಯುವುದನ್ನು ತಡೆಯಲು ಕಮಾನು ಪಟ್ಟಿ ಮತ್ತು ಚಾಸಿಯ ನಡುವೆ ಕೂರಿಸುವ ಗಾಳಿಚೀಲಗಳೂ ಸಿಗುತ್ತವೆ. ನೋಡಲು ಇವು ಅಗ್ಗದ ಜಾಣ ಉಪಾಯ. ಆದರೆ ಪಟ್ಟಿಯ ಎರಡು ತುದಿಗಳಲ್ಲಿ ಹಂಚಿಹೋಗಬೇಕಾದ ಭಾರವನ್ನು ಇವು ಚಾಸಿಯ ಒಂದೇ ಬಿಂದುವಿಗೆ ತಳ್ಳುತ್ತವೆ. ಆಕ್ಸಲ್‌ನ ಹಿಂದೆ ಭಾರ ತೂಗಿಕೊಂಡು ಏರುತಗ್ಗಿನ ದಾರಿಯಲ್ಲಿ ಓಡಿದ ಪಿಕಪ್‌ಗಳ ಚಾಸಿ ಕ್ಯಾಬಿನ್‌ನ ಹಿಂದೆ ಬಾಗಿರುವ ಪ್ರಕರಣಗಳಲ್ಲಿ ಈ ಚೀಲಗಳ ಪಾತ್ರ ಹೊಸದೇನಲ್ಲ. ಕುಸಿತ ಕಂಡರೆ ಭಾರ ಇಳಿಸುವುದೇ ಮೊದಲ ಚಿಕಿತ್ಸೆ.

ಟಯರ್

ಒಂದೇ ಒಂದು ಬದಲಾವಣೆಗೆ ಅವಕಾಶವಿದ್ದರೆ ನಾನು ಟಯರನ್ನೇ ಆರಿಸುತ್ತೇನೆ. ಡಾಂಬರು ರಸ್ತೆಯ ಟಯರ್ ನಿಶ್ಶಬ್ದ, ಇಂಧನ ಉಳಿಸುತ್ತದೆ, ಆದರೆ ಅದರ ಪಕ್ಕದ ಗೋಡೆ ಚೂಪುಗಲ್ಲಿಗೆ ಬೇಗ ಸೀಳುತ್ತದೆ. ಕೆಸರಿನ ಟಯರಿನ ಮೈಮೇಲಿನ ದೊಡ್ಡ ರಬ್ಬರ್ ಗಟ್ಟಿಗಳು ಕೆಸರನ್ನು ಕೊಡವಿಕೊಳ್ಳುವುದರಲ್ಲಿ ಸಾಟಿಯಿಲ್ಲದವು. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯುವಲ್ಲಿ ಮಾತ್ರ ಹಿಂದೆ, ಸದ್ದಿನಲ್ಲಿ ಬಹಳ ಮುಂದೆ. ಪ್ರವಾಸದ ಗಾಡಿಯ ಹೆಚ್ಚಿನ ಕಿಲೋಮೀಟರುಗಳು ಡಾಂಬರು ಮತ್ತು ಜಲ್ಲಿಯ ಮೇಲೆಯೇ ಸಾಗುವುದರಿಂದ ಎಲ್ಲ ನೆಲಕ್ಕೂ ಒಗ್ಗುವ ಆಲ್-ಟೆರೇನ್ ಟಯರ್ ಬಹುಪಾಲು ಜನರಿಗೆ ಸರಿಯಾದುದು.

ಗಟ್ಟಿಗಳ ವಿನ್ಯಾಸಕ್ಕಿಂತ ಮುಖ್ಯವಾದುದು ಪಕ್ಕದ ಗೋಡೆಯ ಮೇಲಿನ ಹೊರೆಸಂಖ್ಯೆ. 112 ಎಂದಿದ್ದರೆ ಆ ಟಯರ್ ಹೊರಬಲ್ಲುದು 1,120 ಕಿಲೋ, 116 ಎಂದರೆ 1,250, 120 ಎಂದರೆ 1,400, 121 ಎಂದರೆ 1,450. ಅಳತೆಯ ಮುಂದೆ ಎಲ್‌ಟಿ ಎಂಬ ಅಕ್ಷರಗಳಿದ್ದರೆ ಅದು ಲಘು ಟ್ರಕ್ಕಿನ ದಪ್ಪಗೋಡೆಯ ಟಯರ್. ಆದರೆ ಅದೇ ಹೊರೆಯನ್ನು ಹೊರಲು ಅದಕ್ಕೆ ಸಾಮಾನ್ಯ ಟಯರಿಗಿಂತ ಹೆಚ್ಚು ಗಾಳಿ ಬೇಕು; ಬಾಗಿಲಿನ ಚೀಟಿಯಲ್ಲಿರುವ ಹಳೆಯ ಅಂಕಿಯನ್ನೇ ಅನುಸರಿಸಿದರೆ ಅದು ಬಿಸಿಯೇರಿ ಬೇಗ ಸವೆಯುತ್ತದೆ.

ದೊಡ್ಡ ಅಳತೆಯ ಮೋಹಕ್ಕೂ ಲೆಕ್ಕವಿದೆ. 265/65 ಆರ್17 ಟಯರಿನ ವ್ಯಾಸ ಸುಮಾರು 776 ಮಿಲಿಮೀಟರ್. 285/70 ಆರ್17ರದು ಸುಮಾರು 831. ವ್ಯಾಸ 55 ಮಿಲಿಮೀಟರ್ ಹೆಚ್ಚಿದರೂ ಆಕ್ಸಲ್ ಏರುವುದು ಅದರ ಅರ್ಧದಷ್ಟು. ಇದಕ್ಕೆ ಬದಲಾಗಿ ಗೇರ್ ಅನುಪಾತ ಶೇಕಡಾ 7ರಷ್ಟು ಉದ್ದವಾಗುತ್ತದೆ, ಹೊರೆ ಹೊತ್ತು ಏರು ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತದೆ, ಮೊದಲು ಸರಿಯಾಗಿದ್ದ ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ 107 ಆಗಿರುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಾಗಬೇಕು, ಅದು ಗಾಡಿಯ ಕೆಳಗಿನ ಜಾಗದಲ್ಲಿ ಹಿಡಿಸದೆಯೂ ಹೋಗಬಹುದು.

ನೆಲದ ಹಿಡಿತವನ್ನು ನಿಜವಾಗಿ ಬದಲಿಸುವುದು ಗಾಳಿಯ ಒತ್ತಡ. ಹೊರೆ ಹೊತ್ತು ಡಾಂಬರಿನ ಮೇಲೆ 38 ಪಿಎಸ್‌ಐ ಇದ್ದುದನ್ನು ಜಲ್ಲಿಯ ಮೇಲೆ 28 ಅಥವಾ 30ಕ್ಕೆ, ಸಡಿಲ ಮರಳಿನಲ್ಲಿ 16ರಿಂದ 18ಕ್ಕೆ ಇಳಿಸಿದರೆ ಟಯರ್ ನೆಲದ ಮೇಲೆ ಉದ್ದವಾಗಿ ಮಲಗುತ್ತದೆ. ಆಗ ವೇಗವನ್ನೂ ಇಳಿಸಬೇಕು, ತಿರುವಿನಲ್ಲಿ ಸ್ಟಿಯರಿಂಗ್ ಜಗ್ಗಬಾರದು. ಇಲ್ಲವಾದರೆ ಟಯರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಒಂದು ಒಳ್ಳೆಯ ಕಂಪ್ರೆಸರ್ ಮತ್ತು ನಂಬಬಹುದಾದ ಗೇಜ್ ಇಲ್ಲದೆ ಯಾವ ದುಬಾರಿ ಟಯರೂ ಪೂರ್ತಿ ಉಪಯೋಗಕ್ಕೆ ಬಾರದು.

ವಿದ್ಯುತ್ತು: ಎರಡು ಬಗೆಯ ಬ್ಯಾಟರಿ, ಒಂದು ಬಗೆಯ ತಂತಿ

ನಲವತ್ತು ಐವತ್ತು ಲೀಟರಿನ ಕಂಪ್ರೆಸರ್ ಫ್ರಿಜ್ ಬಿಸಿ ದಿನವೊಂದರಲ್ಲಿ 30ರಿಂದ 40 ಆಂಪಿಯರ್-ಅವರ್ ತೆಗೆದುಕೊಳ್ಳುತ್ತದೆ ಎಂದುಕೊಂಡು, ದೀಪ ಮತ್ತು ಫೋನಿಗೆ ಇನ್ನೊಂದು 10 ಸೇರಿಸೋಣ. ನೂರು ಆಂಪಿಯರ್-ಅವರ್‌ನ ಎಜಿಎಂ (ಮುಚ್ಚಿದ ಸೀಸ-ಆಮ್ಲದ ಬಗೆಯ) ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ ಕೈಗೆ ಸಿಗುವುದು 50. ಅಂದರೆ ಒಂದು ದಿನ. ಅಷ್ಟೇ ಗಾತ್ರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ರಿಂದ 90ರವರೆಗೆ ಬಳಸಬಹುದು. ತೂಕ ಮಾತ್ರ 30 ಕಿಲೋ ಬದಲು ಸುಮಾರು 12. ಮೇಲಿನ ಲೆಕ್ಕದ 103 ಕಿಲೋವನ್ನು ನೆನೆದರೆ ಈ 18 ಕಿಲೋ ಸಣ್ಣದಲ್ಲ. ಆದರೆ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬಾರದು, ಬಾನೆಟ್ಟಿನ ಕೆಳಗಿನ ಶಾಖದಲ್ಲಿ ಇಡಬಾರದು. ದಿನವೂ ನಾಲ್ಕೈದು ಗಂಟೆ ಗಾಡಿ ಓಡಿಸುವವರಿಗೆ ಎಜಿಎಂ ಸಾಕು. ಕುಳಿತಲ್ಲೇ ಮೂರು ದಿನ ಕುಳಿತುಕೊಳ್ಳುವವರಿಗೆ ಲಿಥಿಯಂ ಮತ್ತು 200 ವ್ಯಾಟ್‌ನ ಸೌರಫಲಕ ಬೇಕಾಗುತ್ತದೆ. ಫಲಕವನ್ನು ಛಾವಣಿಗೆ ಬಿಗಿಸಿದರೆ ಗಾಡಿಯನ್ನು ಬಿಸಿಲಿನಲ್ಲೇ ನಿಲ್ಲಿಸಬೇಕು. ಮಡಚುವ ಫಲಕವಾದರೆ ಗಾಡಿ ನೆರಳಿನಲ್ಲಿ, ಫಲಕ ಬಿಸಿಲಿನಲ್ಲಿ. ಎರಡನೆಯದೇ ನನಗೆ ಮೆಚ್ಚು, ನೆರಳಿನಲ್ಲಿರುವ ಫ್ರಿಜ್ ಕಡಿಮೆ ದುಡಿಯುತ್ತದೆ ಎಂಬ ಕಾರಣಕ್ಕೂ.

ಹಿಡಿಕೆಯಿರುವ ಸಿದ್ಧ ವಿದ್ಯುತ್ ಪೆಟ್ಟಿಗೆಗಳಲ್ಲಿ ತಂತಿ ಎಳೆಯುವ ಗೋಜಿಲ್ಲ. ಆದರೆ 12 ವೋಲ್ಟ್ ಸಾಕೆಟ್ಟಿನಿಂದ ಅವು ಪಡೆಯುವುದು ಸುಮಾರು 100 ವ್ಯಾಟ್. ಸಾವಿರ ವ್ಯಾಟ್-ಅವರ್ ತುಂಬಲು ಹತ್ತು ಗಂಟೆ ಓಡಬೇಕು. ಸ್ಥಿರವಾಗಿ ಜೋಡಿಸಿದ 25 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಗಾಡಿಯ ವಿದ್ಯುತ್ತನ್ನು ಎರಡನೆಯ ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ಹೊಂದಿಸಿ ತುಂಬುವ ಸಾಧನ) ಎರಡು ಗಂಟೆಯಲ್ಲಿ ಒಂದು ದಿನದ ಖರ್ಚನ್ನು ತುಂಬಿಕೊಡುತ್ತದೆ. ಈಗಿನ ಗಾಡಿಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಜನಕ) ಇಂಧನ ಉಳಿಸಲು ವೋಲ್ಟೇಜನ್ನು ಏರಿಳಿಸುವುದರಿಂದ ಹಳೆಯ ಕಾಲದ ರಿಲೇ ಜೋಡಣೆ ಎರಡನೆಯ ಬ್ಯಾಟರಿಯನ್ನು ಪೂರ್ತಿ ತುಂಬಲಾರದು.

ತಂತಿಯಲ್ಲಿ ಜಿಪುಣತನ ಬೇಡ. ಎಂಜಿನ್ನಿನಿಂದ ತೊಟ್ಟಿಗೆ ಐದು ಮೀಟರ್, ಹಿಂದಕ್ಕೆ ಐದು ಮೀಟರ್. 6 ಚದರ ಮಿಲಿಮೀಟರ್ ತಾಮ್ರದಲ್ಲಿ 25 ಆಂಪಿಯರ್ ಹರಿದಾಗ ದಾರಿಯಲ್ಲೇ 0.7 ವೋಲ್ಟ್ ಸೋರಿಹೋಗುತ್ತದೆ, 16 ಚದರ ಮಿಲಿಮೀಟರಿನಲ್ಲಿ 0.3ಕ್ಕಿಂತ ಕಡಿಮೆ. ಎರಡೂ ಬ್ಯಾಟರಿಗಳ ಪಕ್ಕದಲ್ಲೇ, ಗೇಣುದ್ದದೊಳಗೆ, ಫ್ಯೂಸ್ ಇರಬೇಕು.

ಸಿಕ್ಕಿಕೊಂಡಾಗ

ವಿಂಚ್ ಕೊಳ್ಳುವವರು ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆತವನ್ನು ಹುಡುಕುವುದು ರೂಢಿ. 3,050 ಕಿಲೋಗೆ ಅದು 4,575. ಸಾಮಾನ್ಯವಾಗಿ ಸಿಗುವ 9,500 ಪೌಂಡಿನದು ಸುಮಾರು 4,300 ಕಿಲೋ ಆದ್ದರಿಂದ ತುಸು ಸಾಲದು, 12,000 ಪೌಂಡಿನದು ಸಾಕಷ್ಟಾಗುತ್ತದೆ. ಆ ಅಂಕಿಯೂ ಡ್ರಮ್ಮಿನ ಮೇಲೆ ಹಗ್ಗದ ಕೊನೆಯ ಒಂದು ಸುತ್ತುಪದರ ಮಾತ್ರ ಉಳಿದಾಗಿನದು. ಪದರ ಹೆಚ್ಚಿದಂತೆ ಎಳೆತ ಇಳಿಯುತ್ತದೆ. ಉಕ್ಕಿನ ಹಗ್ಗ ಕಲ್ಲಿನ ಉಜ್ಜುವಿಕೆಯನ್ನು ತಾಳುತ್ತದೆ, ಆದರೆ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಕೃತಕ ನಾರಿನ ಹಗ್ಗ ಹಗುರ, ಕೈಗೆ ಮೆತ್ತಗೆ, ಬಿಸಿಲಿಗೂ ಚೂಪುಗಲ್ಲಿಗೂ ಅಂಜುತ್ತದೆ. ಬೇರೆ ಗಾಡಿ ಜೊತೆಗಿಲ್ಲದೆ, ಮರಗಳಿರುವ ಕಡೆ, ಕೆಸರಿನಲ್ಲಿ ತಿರುಗುವವರಿಗೆ ವಿಂಚ್ ಬೇಕು. ಉಳಿದವರಿಗೆ ಎಂಟು ಕಿಲೋ ತೂಗುವ ಚಕ್ರದ ಕೆಳಗೆ ತೂರಿಸುವ ಒಂದು ಜೊತೆ ಹಿಡಿತದ ಹಲಗೆಗಳು, ಒಂದು ಸಲಿಕೆ, ಕಂಪ್ರೆಸರ್ ಮತ್ತು ಹಿಗ್ಗುವ ಎಳೆಹಗ್ಗ ಸಾಕಾಗುತ್ತವೆ. ಬಂಪರ್ ಮತ್ತು ವಿಂಚಿನ 95 ಕಿಲೋ ಉಳಿಯುತ್ತದೆ. ಕಾಡುಪ್ರಾಣಿಗಳು ದಾರಿಗೆ ಅಡ್ಡ ಬರುವ ಕಡೆ ರಾತ್ರಿ ಓಡಿಸಲೇಬೇಕಾದವರಿಗೆ ಉಕ್ಕಿನ ಬಂಪರಿನ ವಾದವೇ ಬೇರೆ. ಹಗ್ಗವನ್ನು ಚಾಸಿಗೆ ಬಿಗಿದ, ಅಂಗೀಕೃತ ಕೊಂಡಿಗೇ ಹಾಕಬೇಕು. ಟ್ರೈಲರ್ ಎಳೆಯುವ ಗುಂಡಿಗೆ ಎಂದೂ ಹಾಕಬಾರದು. ಅದು ಕಿತ್ತು ಹಾರಿ ಜನ ಸತ್ತಿದ್ದಾರೆ.

ಹಿಂದಿನ ಎರಡು ಚಕ್ರಗಳನ್ನೂ ಒಂದೇ ವೇಗದಲ್ಲಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕಾರ್ಖಾನೆಯಿಂದಲೇ ಬರುವ ಮಾದರಿಗೂ ಬಾರದ ಮಾದರಿಗೂ ನಡುವೆ ಆರಿಸಬೇಕಾದರೆ ಲಾಕ್ ಇರುವುದನ್ನೇ ಕೊಳ್ಳಿ. ಅದನ್ನು ಆಮೇಲೆ ಹಾಕಿಸುವುದು ಆಕ್ಸಲ್ ಬಿಚ್ಚುವ ಕೆಲಸ.

ಉಳಿದವುಗಳನ್ನು ಬೇಗ ಮುಗಿಸಬಹುದು. ಎತ್ತರದ ಗಾಳಿಕೊಳವೆಯಾದ ಸ್ನಾರ್ಕೆಲ್ ಎಂಜಿನ್ನಿಗೆ ನೀರು ಹೋಗದಂತೆ ತಡೆಯುತ್ತದೆ, ಆದರೆ ಅದೊಂದರಿಂದಲೇ ಗಾಡಿಯ ನೀರು ದಾಟುವ ಆಳ ಹೆಚ್ಚುವುದಿಲ್ಲ. ಆಕ್ಸಲ್ ಮತ್ತು ಗೇರ್‌ಪೆಟ್ಟಿಗೆಯ ಉಸಿರುನಳಿಕೆಗಳನ್ನೂ ಮೇಲಕ್ಕೆ ಎಳೆಯಬೇಕು. ಹೆಚ್ಚುವರಿ ಇಂಧನಕ್ಕೆ ದೊಡ್ಡ ಟ್ಯಾಂಕ್ ಕ್ಯಾನುಗಳಿಗಿಂತ ಮೇಲು, ಏಕೆಂದರೆ 60 ಲೀಟರ್ ಡೀಸೆಲಿನ 50 ಕಿಲೋ ತಳದಲ್ಲಿ ಕೂರುತ್ತದೆ. ಆದರೆ ವರ್ಷಕ್ಕೊಮ್ಮೆ ಮಾತ್ರ ಅಷ್ಟು ದೂರ ಹೋಗುವವರಿಗೆ ಎರಡು ಕ್ಯಾನು ಸಾಕು, ಛಾವಣಿಯ ಮೇಲೆ ಮಾತ್ರ ಬೇಡ. ಹೆಚ್ಚುವರಿ ದೀಪಗಳಿಗಿಂತ ಕತ್ತಲಾಗುವ ಮೊದಲೇ ನಿಲ್ಲುವ ಅಭ್ಯಾಸ ಹಗುರ.

ಜೋಡಣೆಯೆಲ್ಲ ಮುಗಿದ ಮೇಲೆ, ನೀರು ಮತ್ತು ಡೀಸೆಲ್ ತುಂಬಿಸಿ, ಬರುವವರನ್ನೆಲ್ಲ ಕೂರಿಸಿ, ಮತ್ತೊಮ್ಮೆ ತೂಗಿಸಿ. ಹೆಡ್‌ಲೈಟಿನ ಕೋನವನ್ನು ಆ ಹೊರೆಯಲ್ಲಿಯೇ ಸರಿಪಡಿಸಿ. ಚಕ್ರದ ನಟ್ಟುಗಳನ್ನು ಮೊದಲ 100 ಕಿಲೋಮೀಟರಿನೊಳಗೆ, ಕಮಾನು ಪಟ್ಟಿಯ ಯು-ಬೋಲ್ಟುಗಳನ್ನು ಮತ್ತು ಛಾವಣಿಯ ರ‍್ಯಾಕ್‌ನ ಬೋಲ್ಟುಗಳನ್ನು 500 ಕಿಲೋಮೀಟರಿನ ಸುಮಾರಿಗೆ ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿಗೊಳಿಸಬೇಕು. ಕಚ್ಚಾ ದಾರಿಯ ಮೊದಲ ದಿನದ ಸಂಜೆ ಕೈದೀಪ ಹಿಡಿದು ಗಾಡಿಯ ಕೆಳಗೆ ಒಮ್ಮೆ ತೂರಿ ನೋಡಿ: ಬೋಲ್ಟಿನ ಸುತ್ತ ದೂಳು ಉಜ್ಜಿಹೋಗಿ ಲೋಹ ಮಿನುಗುತ್ತಿದ್ದರೆ ಅದು ಸಡಿಲವಾಗಿದೆ.